ನಾಗರಾಜುವಿನ ಬಾಣಂತನ

ಮೊದಲಿಗೆ ಕ್ಷಮೆ ಕೇಳಿಬಿಡುವುದು ಒಳ್ಳೆಯದು. ಮದುವೆಗೆ ಬಂದ ಮಗಳಿರುವ, ತಲೆ ಅರ್ಧ ನರೆತ, ಸಹಕಾರ ಸಂಘವೊಂದರಲ್ಲಿ ಗುಮಾಸ್ತನಾಗಿರುವ ಗೃಹಸ್ಥನ ಹೊಟ್ಟೆಯ ವಿಷಯವನ್ನು ನಾಲ್ಕು ಜನರ ಮುಂದೆ ಆಡುವುದು ಮರ್ಯಾದಸ್ಥರ ಕೆಲಸವಲ್ಲ. ಆದರೆ ಕೆಂಗೇರಿ ಉಪನಗರದಲ್ಲಿ ಈ ಕಥೆ ಈಗಾಗಲೇ ಹಲವು ರೂಪಗಳಲ್ಲಿ ಓಡಾಡುತ್ತಿದೆ. ಅವುಗಳಲ್ಲಿ ಕೆಲವುಗಳಲ್ಲಿ ಮಗುವೂ ಹುಟ್ಟಿಬಿಟ್ಟಿದೆ. ನಡೆದದ್ದನ್ನು ನಡೆದ ಹಾಗೆ ಹೇಳಿದರೆ ಯಾರಿಗೂ ಅನ್ಯಾಯವಾಗಲಾರದು ಎಂಬ ಧೈರ್ಯದ ಮೇಲೆ ಹೇಳುತ್ತಿರುವುದು. ಎಲ್ಲಾದರೂ ತಪ್ಪಿದರೆ ದೊಡ್ಡವರು ತಿದ್ದಬೇಕು.

ನಾಗರಾಜುವಿನ ಹೊಟ್ಟೆ ಒಂದೇ ದಿನಕ್ಕೆ ಬಂದದ್ದಲ್ಲ. ಅವನ ತಾಯಿ ಬೋರಮ್ಮ ಅದನ್ನು ಮುದ್ದೆ, ಬಸ್ಸಾರು, ತುಪ್ಪ ಹಾಕಿ ವರ್ಷಾನುಗಟ್ಟಲೆ ಕಟ್ಟಿದ್ದಳು. ಹುಟ್ಟಿದಾಗ ಅವನು ಅಂಗೈಯಲ್ಲಿ ಹಿಡಿಯುವಷ್ಟು ಇದ್ದನಂತೆ. ಈ ಕೂಸು ಉಳಿಯುವುದಿಲ್ಲ ಎಂದು ಹಳೇ ಕೆಂಗೇರಿಯ ಹೆಂಗಸರೆಲ್ಲ ಹೇಳಿದ್ದರಂತೆ. ಆ ಹೆಂಗಸರಲ್ಲಿ ಯಾರಾದರೂ ಎದುರಿಗೆ ಸಿಕ್ಕರೆ ಬೋರಮ್ಮ ಮೊನ್ನೆ ಮೊನ್ನೆಯವರೆಗೂ ಮಗನನ್ನು ಪಕ್ಕಕ್ಕೆ ತಿರುಗಿಸಿ ನಿಲ್ಲಿಸಿ, "ನೋಡವ್ವ, ಹೆಂಗವ್ನೆ!" ಎನ್ನುತ್ತಿದ್ದಳು. ಪಕ್ಕಕ್ಕೆ ತಿರುಗಿಸುತ್ತಿದ್ದದ್ದು ಏಕೆಂದರೆ ಆ ಕಡೆಯಿಂದ ನೋಡಿದರೇ ಅವಳ ಶ್ರಮ ಪೂರ್ತಿ ಕಾಣುತ್ತಿತ್ತು.

ಇಂಥ ಹೊಟ್ಟೆಗೆ ಕೇಡುಗಾಲ ಬಂದದ್ದು ಮಗಳು ಬಿಂದುಶ್ರೀಯನ್ನು ನೋಡಲು ನಂದಿನಿ ಲೇಔಟಿನಿಂದ ಹುಡುಗನ ಕಡೆಯವರು ಬಂದ ದಿನ. ಹುಡುಗ ಸಂಪತ್ ಒಳ್ಳೆಯವನು, ಮಾತು ಕಡಿಮೆ. ಅವನಪ್ಪ ಬೆಟ್ಟಯ್ಯನವರು ಹಾರ್ಡ್‌ವೇರ್ ಅಂಗಡಿ ಇಟ್ಟವರು, ಮಾತು ಹೆಚ್ಚು. ಬಾಗಿಲಲ್ಲಿ ಕೈ ಮುಗಿದು ನಿಂತಿದ್ದ ನಾಗರಾಜುವನ್ನು ನೋಡಿ ಅವರು ಬೀದಿಗೆಲ್ಲ ಕೇಳುವ ಹಾಗೆ, "ಬೀಗರೇ, ನೀವು ಬರೋಕ್ ಮುಂಚೆ ನಿಮ್ ಹೊಟ್ಟೇನೇ ಬಂದು ನಮಸ್ಕಾರ ಮಾಡ್ತಲ್ರೀ!" ಎಂದರು. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಾಗರಾಜುವೇ ನಕ್ಕ. ಆಮೇಲೆ ತೆಗೆದ ಫೋಟೋದಲ್ಲಿ ಅವನ ಹೊಟ್ಟೆಯ ನೆರಳು ಮಗಳ ಸೀರೆಯ ಅಂಚಿನ ಮೇಲೆ ಬಿದ್ದಿತ್ತು. ಆ ಫೋಟೋವನ್ನು ಆಫೀಸಿನಲ್ಲಿ ದೊಡ್ಡದು ಮಾಡಿ, ಚಿಕ್ಕದು ಮಾಡಿ, ಕೊನೆಗೆ ತನ್ನನ್ನೇ ಕತ್ತರಿಸಿ ಹಾಕಿ ನೋಡಿದ. ಹುಡುಗಿಗೆ ಅಪ್ಪನೇ ಇಲ್ಲದಂತಾಯಿತು.

ಸಂಬಂಧ ಒಪ್ಪಿಗೆಯಾಯಿತು. ಶ್ರಾವಣದಲ್ಲಿ ನಿಶ್ಚಿತಾರ್ಥ. ಬೆಟ್ಟಯ್ಯನವರು, "ಇಬ್ರು ಬೀಗ್ರೂ ಒಂದೇ ಥರ ಕೋಟು ಹಾಕೋಣ" ಎಂದು ತಾವೇ ಬಟ್ಟೆ ಕಳಿಸಿಕೊಟ್ಟರು. ನಾಗರಾಜು ಅದನ್ನು ಹಳೇ ಕೆಂಗೇರಿಯ ಟೈಲರ್ ದುಂಡೇಶನ ಹತ್ತಿರ ತೆಗೆದುಕೊಂಡು ಹೋದ. ದುಂಡೇಶ ಗದಗಿನ ಕಡೆಯವನು. ಟೇಪು ಸುತ್ತಿ ಸ್ವಲ್ಪ ಹೊತ್ತು ಕಾದು, "ಸರ, ಉಸಿರು ಬಿಡ್ರಿ" ಎಂದ.

"ಬಿಡಲ್ಲ. ಹೀಗೇ ಅಳತೆ ತಗೊ."

"ಕೋಟು ಹಾಕ್ಕೊಂಡ ಮ್ಯಾಲ ಉಸಿರು ಆಡಬೇಕಲ್ರೀ ಸರ."

"ನಿಶ್ಚಿತಾರ್ಥದ ಹೊತ್ತಿಗೆ ಈ ಹೊಟ್ಟೆ ಇರಲ್ಲ ಕಣಪ್ಪ. ಇಲ್ಲಿಗೆ ಹೊಲಿ" ಎಂದು ನಾಗರಾಜು ಎರಡೂ ಹೆಬ್ಬೆರಳನ್ನು ಹೊಟ್ಟೆಯೊಳಗೆ ಒತ್ತಿ ಗಡಿ ತೋರಿಸಿದ. ಇನ್ನೂ ಹುಟ್ಟದ ಮನುಷ್ಯನೊಬ್ಬನಿಗೆ ದುಂಡೇಶ ಕೋಟು ಕತ್ತರಿಸಿದ.

ಬೆಳಗಿನ ವಾಕಿಂಗ್, ಬಿಸಿನೀರಿಗೆ ನಿಂಬೆಹಣ್ಣು ಎಲ್ಲವೂ ಸೋತ ಮೇಲೆ ಆಷಾಢದ ಆರಂಭದಲ್ಲಿ ನಾಗರಾಜು ಒಂದು ಆಸ್ಪತ್ರೆಗೆ ಸೇರಿ ಹೊಟ್ಟೆಯ ಕೊಬ್ಬನ್ನು ಕೊಳವೆ ಹಾಕಿ ತೆಗೆಸಿಕೊಂಡ. ಆಷಾಢದಲ್ಲಿ ನೆಂಟರು ಬರುವುದಿಲ್ಲ ಎಂಬುದು ಅವನ ಲೆಕ್ಕ. ಡಾಕ್ಟರು ಎದೆಯಿಂದ ತೊಡೆಯವರೆಗೆ ಒಂದು ಬಿಗಿ ಅಂಗಿ ಹಾಕಿ, "ನಿಶ್ಚಿತಾರ್ಥದವರೆಗೂ ಇದು ಮೈಮೇಲಿರಬೇಕು. ಊತ ನಿಧಾನವಾಗಿ ಇಳಿಯುತ್ತೆ. ಉಪ್ಪು ಕಮ್ಮಿ, ತುಪ್ಪ ಎಣ್ಣೆ ಕಮ್ಮಿ, ದಿನಾ ಸ್ವಲ್ಪ ಸ್ವಲ್ಪ ನಡೀರಿ. ತಿಂದು ಮಲಗಿದ್ರೆ ಮತ್ತೆ ದಪ್ಪ ಆಗ್ತೀರಿ, ಆಗ ನನ್ನನ್ನ ಕೇಳಬೇಡಿ" ಎಂದರು.

ವಿಷಯ ಗೊತ್ತಿದ್ದದ್ದು ಹೆಂಡತಿ ಕಲಾವತಿಗೆ ಮಾತ್ರ. "ಅವ್ವನಿಗೆ ಮಾತ್ರ ಗೊತ್ತಾಗಬಾರದು ಕಣೇ. ಅವಳು ಕಟ್ಟಿದ್ದನ್ನ ನಾನು ಆಸ್ಪತ್ರೆಯಲ್ಲಿ ಸುರಿದು ಬಂದೆ ಅಂತ ತಿಳಿದರೆ ಎದೆ ಒಡ್ಕೊಂಡ್ ಬಿಡ್ತಾಳೆ" ಎಂದು ಅವಳಿಂದ ಆಣೆ ಹಾಕಿಸಿಕೊಂಡಿದ್ದ. ತಾಯಿಗೆ ಹೇಳಿದ್ದು ಹರ್ನಿಯಾ ಆಪರೇಷನ್ ಎಂದು. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ. ಆಫೀಸಿನಲ್ಲಿ ಬಾಯಿಗೆ ಬಂದದ್ದು ಬೆನ್ನುಮೂಳೆಯ ತೊಂದರೆ. ಪಕ್ಕದ ಮನೆಯ ಪದ್ಮನಾಭ ಅವರಿಗೆ ಹೇಳಿದ್ದು ವೈರಲ್ ಜ್ವರ. ಪದ್ಮನಾಭ ಸರ್ಕಾರಿ ಕಚೇರಿಯಿಂದ ನಿವೃತ್ತರಾದವರು, ಬಡಾವಣೆಯ ಸಂಘದ ಕಾರ್ಯದರ್ಶಿ, ಎಲ್ಲಕ್ಕಿಂತ ಹೆಚ್ಚಾಗಿ ಈ ಸಂಬಂಧವನ್ನು ಕುದುರಿಸಿದವರು.

ಆಟೋದಿಂದ ಮಗ ಇಳಿದದ್ದನ್ನು ಬೋರಮ್ಮ ಜಗುಲಿಯಿಂದ ನೋಡಿದಳು. ಎರಡೂ ಕೈ ಹೊಟ್ಟೆಯ ಮೇಲೆ, ಕಾಲು ಅಗಲ, ಹೆಜ್ಜೆ ಪುಟ್ಟ ಪುಟ್ಟದು, ರಟ್ಟೆ ಹಿಡಿದುಕೊಂಡು ಕಲಾವತಿ. ಇಂಥ ನಡಿಗೆಯನ್ನು ಅವಳು ಜೀವಮಾನವಿಡೀ ನೋಡಿದ್ದಳು. ಅರ್ಧ ಕೆಂಗೇರಿಯ ಹೆಣ್ಣುಮಕ್ಕಳ ಬಾಣಂತನ ಅವಳ ಕೈಯಲ್ಲೇ ಆಗಿತ್ತು. ಒಳಗೆ ಕರೆದುಕೊಂಡು ಹೋಗಿ ಅಂಗಿ ಎತ್ತಿ ನೋಡಿದಳು. ಬಿಗಿಪಟ್ಟಿ ಕಂಡಿತು. ಅವಳ ಮುಖ ಅರಳಿತು.

"ನೋಡ್ದಾ ಕಲಾ? ಆಸ್ಪತ್ರೆಯೋರೂ ಹೊಟ್ಟೆ ಕಟ್ಟವ್ರೆ! ಅವ್ರಿಗೂ ಗೊತ್ತದೆ. ನಾವು ಹಳೇ ಸೀರೇಲಿ ಕಟ್ತಿದ್ವಿ, ಇವ್ರು ರಬ್ಬರ್‌ನಲ್ಲಿ ಕಟ್ಟವ್ರೆ, ಅಷ್ಟೇಯ."

"ಅವ್ವ, ಇದು ಹರ್ನಿಯಾ…"

"ಹೊಟ್ಟೆ ಕೊಯ್ಸ್ಕೊಂಡ್ ಬಂದೋರು ಗಂಡಾದ್ರೇನು ಹೆಣ್ಣಾದ್ರೇನು? ಹಸಿ ಮೈ ಹಸಿ ಮೈಯೇ. ಗಾಳಿ ಹೊಕ್ಕರೆ ಸಾಯೋಗಂಟ ಸೊಂಟ ನೋವು. ಮಲಿಕೋ ಸುಮ್ನೆ."

ಅಂದಿನಿಂದ ನಾಗರಾಜುವಿನ ಬಾಣಂತನ ಶುರುವಾಯಿತು. ಹಿಂದಿನ ಕೋಣೆಯ ಕಿಟಕಿಗೆ ಹಳೇ ಬೆಡ್‌ಶೀಟು ಬಿತ್ತು. ಬಾಗಿಲಿಗೆ ಬೇವಿನ ಸೊಪ್ಪು. ಕಿವಿಗೆ ಹತ್ತಿ, ತಲೆಗೆ ಉಣ್ಣೆಯ ಸ್ಕಾರ್ಫು. ಬೆಳಗ್ಗೆ ಸಂಜೆ ಸಾಂಬ್ರಾಣಿ ಹೊಗೆ. ಊಟಕ್ಕೆ ಬಿಸಿ ಅನ್ನ, ಕಾಳುಮೆಣಸು ಬೆಳ್ಳುಳ್ಳಿ ಸಾರು, ಸಬ್ಬಸಿಗೆ ಸೊಪ್ಪು, ಮೇಲೆ ಒಂದು ಸೌಟು ತುಪ್ಪ. ನಡೆದಾಡಲು ಎದ್ದರೆ, "ಬಾಣಂತಿ ಹೊಸಿಲು ದಾಟ್ತಾಳೇನ್ಲಾ?" ಎಂಬ ಗದರಿಕೆ.

ನಾಗರಾಜು ಒಮ್ಮೆ ಪ್ರಯತ್ನಿಸಿದ. "ಅವ್ವ, ಡಾಕ್ಟ್ರು ತುಪ್ಪ ಬೇಡ ಅಂದವ್ರೆ."

"ಹರ್ನಿಯಾಗೆ ತುಪ್ಪ ಯಾಕ್ ಬೇಡ್ವಂತೆ? ಫೋನ್ ಹಚ್ಚಿ ಕೊಡು, ನಾನೇ ಕೇಳ್ತೀನಿ."

ಫೋನ್ ಹಚ್ಚಿ ಕೊಡುವ ಹಾಗಿರಲಿಲ್ಲ. ತುಪ್ಪ ಬೇಡವೆಂದರೆ ಗುಟ್ಟು ರಟ್ಟಾಗುತ್ತದೆ. ತಿಂದರೆ ಹೊಟ್ಟೆ ವಾಪಸು ಬರುತ್ತದೆ, ಕೋಟು ಕೂರುವುದಿಲ್ಲ, ಬೆಟ್ಟಯ್ಯನವರು ಇನ್ನೊಮ್ಮೆ ನಗುತ್ತಾರೆ. ಈ ಎರಡು ಕಷ್ಟಗಳ ನಡುವೆ ಕೂತು ನಾಗರಾಜು ಅನ್ನ ಕಲಸಿದ.

ಇಷ್ಟು ಸಾಲದು ಎಂಬಂತೆ ಮಹಡಿಯ ಬಾಡಿಗೆಯ ಅಕ್ಕವ್ವ ಡಬ್ಬಿ ಹಿಡಿದುಕೊಂಡು ಇಳಿದು ಬಂದಳು. ಅವಳು ಗೋಕಾಕದ ಕಡೆಯವಳು. ಆ ಕಡೆಯ ಬಾಣಂತನದಲ್ಲಿ ಅವಳೂ ಕೈ ಪಳಗಿದವಳೇ.

"ಏನ್ರೀ ಬೋರಮ್ಮಾರ, ಬರೇ ಸಾರು ಅನ್ನ ಹಾಕಿದ್ರ ಹೆಂಗ್ರೀ? ನಡಕ್ಕ ಬಲ ಬರಬೇಕಂದ್ರ ಅಂಟಿನುಂಡಿ ತಿನ್ನಸಬೇಕು. ಕೊಬ್ಬರಿ, ಉತ್ತತ್ತಿ, ಬೆಲ್ಲ, ತುಪ್ಪದಾಗ ಹುರದ ಅಂಟು. ನಮ್ಮ ಕಡೆ ಹೊರಸಿನ ಕೆಳಗ ಕೆಂಡ ಇಟ್ಟ ಕಾಯಸ್ತೀವ್ರೀ. ನೀವು ಬರೇ ಹೊಗಿ ಹಾಕೀರಿ."

"ಕೆಂಡ ಇಟ್ರೆ ರಬ್ಬರ್ ಅಂಗಿ ಕರಗೋಯ್ತದೆ ಕಣಮ್ಮ" ಎಂದಳು ಬೋರಮ್ಮ. "ನಮ್ ಕಡೆ ಉಂಡೆ ಗಿಂಡೆ ಇಲ್ಲ. ಕಾಲು ಸೂಪು ಕೊಡ್ತೀವಿ."

"ಕೊಡ್ರಿ, ಯಾರ ಬ್ಯಾಡ ಅಂದ್ರು? ಸೂಪ್ ಕುಡದ ಮ್ಯಾಲ ಉಂಡಿ ತಿನ್ನಲಿ."

"ನನಗೆ ಸಾಕು" ಎಂದ ನಾಗರಾಜು.

ಇಬ್ಬರೂ ಒಟ್ಟಿಗೆ ಅವನ ಕಡೆ ತಿರುಗಿದರು. ಬಾಣಂತಿ ಸಾಕು ಎಂದರೆ ಕೇಳಬಾರದು ಎಂಬ ಒಂದು ವಿಷಯದಲ್ಲಿ ದಕ್ಷಿಣಕ್ಕೂ ಉತ್ತರಕ್ಕೂ ಭಿನ್ನಾಭಿಪ್ರಾಯವಿರಲಿಲ್ಲ.

ಇತ್ತ ಬೀದಿ ಸುಮ್ಮನೆ ಕೂತಿರಲಿಲ್ಲ. ನಾಗರಾಜುವಿನ ಮನೆಯಿಂದ ಹೊತ್ತು ಹೊತ್ತಿಗೆ ಸಾಂಬ್ರಾಣಿ ಹೊಗೆ. ಸೊಪ್ಪಿನವಳ ಹತ್ತಿರ ದಿನಾ ಸಬ್ಬಸಿಗೆ. ಗ್ರಂಥಿಗೆ ಅಂಗಡಿಯಿಂದ ಕಲಾವತಿ ತಂದದ್ದು ಬಾಣಂತಿ ಲೇಹ್ಯದ ಸಾಮಾನು. ಬಾಗಿಲಿಗೆ ಬೇವು. ಮತ್ತು ಬಿಂದುಶ್ರೀ ಕಾಣುತ್ತಿಲ್ಲ. ಅಪ್ಪನನ್ನು ನೋಡಿಕೊಳ್ಳಲೆಂದು ಅವಳು ವಿಜಯನಗರದ ಆಡಿಟರ್ ಆಫೀಸಿನ ಕೆಲಸವನ್ನು ಮನೆಗೇ ತಂದುಕೊಂಡಿದ್ದಳು ಎಂಬುದು ಬೀದಿಗೆ ಹೇಗೆ ಗೊತ್ತಾಗಬೇಕು? ಪದ್ಮನಾಭ ಅವರು ಗೇಟಿನ ಹತ್ತಿರ ನಿಂತು ಮೂಗೆಳೆದು ವಾಸನೆ ನೋಡಿದರು. ವೈರಲ್ ಜ್ವರಕ್ಕೆ ಇಂಥ ವಾಸನೆ ಅವರ ಅನುಭವದಲ್ಲಿರಲಿಲ್ಲ. ನಾಗರಾಜುವಿನ ಆಫೀಸಿಗೆ ಫೋನ್ ಮಾಡಿದರು; ಅಲ್ಲಿಯವರು ಬೆನ್ನುಮೂಳೆ ಎಂದರು. ತರಕಾರಿ ಗಾಡಿಯ ಹತ್ತಿರ ಬೋರಮ್ಮನನ್ನು ಕೇಳಿದರು; ಹರ್ನಿಯಾ ಎಂದಳು. ಒಬ್ಬ ಮನುಷ್ಯನಿಗೆ ಮೂರು ಕಾಯಿಲೆ ಇರಬಹುದು. ಆದರೆ ಬಾಣಂತಿ ಲೇಹ್ಯ ಕೊಡುವ ಕಾಯಿಲೆ ಒಂದೇ.

ಆ ವಾರ ಆಶಾ ಕಾರ್ಯಕರ್ತೆ ಗುರುದೇವಿ ಬಂದಳು. ಈ ಬೀದಿಯಲ್ಲಿ ಲೆಕ್ಕಕ್ಕೆ ಬಾರದ ಹೆರಿಗೆಯೊಂದಾಗಿದೆ ಎಂದು ಯಾರೋ ಅವಳಿಗೆ ಹೇಳಿದ್ದರು. ಬೋರಮ್ಮ ರವಿಕೆ ಹೊಲಿಯಲು ಕೊಡುವುದಕ್ಕೆಂದು ದುಂಡೇಶನ ಅಂಗಡಿಗೆ ಹೋಗಿದ್ದಳು. ಅಕ್ಕವ್ವ ಮೆಟ್ಟಿಲ ಮೇಲೆ ಕೂತು ಕೊಬ್ಬರಿ ತುರಿಯುತ್ತಿದ್ದಳು.

"ಬಾಣಂತಿ ಇದ್ದಾರಂತಲ್ಲ?" ಎಂದಳು ಗುರುದೇವಿ.

"ಅದಾರ್ರೀ, ಒಳಗ ಮಲಗ್ಯಾರ" ಎಂದು ಅಕ್ಕವ್ವ ನಕ್ಕಳು. ಅವಳು ನಾಗರಾಜುವನ್ನು ಬಾಣಂತಿ ಎಂದೇ ಕರೆಯತೊಡಗಿ ಬಹಳ ದಿನಗಳಾಗಿದ್ದವು.

"ಯಾವ ಆಸ್ಪತ್ರೆ?"

"ಆಸ್ಪತ್ರಿ ಹೆಸರ ಮಾತ್ರ ಹೇಳವಲ್ರು ನೋಡ್ರಿ."

ಗುರುದೇವಿ ಕಿಟಕಿಯ ಬೆಡ್‌ಶೀಟು ಸರಿಸಿ ಇಣುಕಿದಳು. ಹೊಗೆಯ ನಡುವೆ, ಕಂಬಳಿ ಹೊದ್ದು ಗೋಡೆಯ ಕಡೆ ತಿರುಗಿ ಉಂಡೆ ತಿನ್ನುತ್ತಿರುವ ಒಂದು ಸ್ಕಾರ್ಫಿನ ತಲೆ ಕಂಡಿತು. ನಾಗರಾಜು ಸ್ಕಾರ್ಫನ್ನು ಇನ್ನೂ ಮುಂದಕ್ಕೆ ಎಳೆದುಕೊಂಡ. ಇತ್ತ ತಿರುಗಿದರೆ ಮೀಸೆ ಕಾಣುತ್ತದೆ. ಮೀಸೆ ಕಂಡರೆ ಪ್ರಶ್ನೆ ಬರುತ್ತದೆ. ಆರೋಗ್ಯ ಇಲಾಖೆಯ ಹೆಂಗಸು ಈ ಬಿಗಿ ಅಂಗಿಯನ್ನು ನೋಡಿದರೆ ಒಂದೇ ಏಟಿಗೆ ಗುರುತು ಹಿಡಿದು ಅವ್ವನಿಗೆ ಹೇಳಿಬಿಡುತ್ತಾಳೆ.

"ಅಮ್ಮಾ, ಮಗು ಹಾಲು ಕುಡೀತಾ ಇದ್ಯಾ?"

ನಾಗರಾಜು ಗಂಟಲನ್ನು ಸಾಧ್ಯವಾದಷ್ಟು ಸಣ್ಣದು ಮಾಡಿಕೊಂಡು, "ಹೂಂ" ಎಂದ.

"ಗಂಡೋ, ಹೆಣ್ಣೋ?"

ಇದಕ್ಕೆ ಅವನು ಸಿದ್ಧನಾಗಿರಲಿಲ್ಲ. ಬಾಯಲ್ಲಿದ್ದ ಉಂಡೆ ನುಂಗಿ, "ಇನ್ನೂ ನೋಡಿಲ್ಲ" ಎಂದ.

"ಪಾಪ, ತುಂಬಾ ನಿತ್ರಾಣವಾಗಿದ್ದಾರೆ. ಧ್ವನಿಯೇ ಹೊರಡ್ತಾ ಇಲ್ಲ" ಎಂದು ಗುರುದೇವಿ ಕನಿಕರಪಟ್ಟು, ಇನ್ನೊಮ್ಮೆ ಬಂದು ಬರೆದುಕೊಳ್ಳುವುದಾಗಿ ಹೇಳಿ ಹೊರಟಳು. ಗೇಟಿನ ಹತ್ತಿರ ಪದ್ಮನಾಭ ಕಾದಿದ್ದರು. ಮಗುವೂ ಇದೆ, ಹಾಲೂ ಕುಡಿಯುತ್ತಿದೆ ಎಂದು ತಿಳಿದಾಗ ಅವರು ಗೇಟಿನ ಸರಳು ಹಿಡಿದುಕೊಂಡರು. ಹುಡುಗಿ ಚಿನ್ನ ಎಂದು ಬೆಟ್ಟಯ್ಯನವರಿಗೆ ಭರವಸೆ ಕೊಟ್ಟವರು ಅವರು.

ಭಾನುವಾರ ಬೆಳಗ್ಗೆ ನಾಗರಾಜುವಿನ ಮನೆಯ ಮುಂದೆ ಬೆಟ್ಟಯ್ಯನವರ ಕಾರು ನಿಂತಿತು. ಅವರ ಹಿಂದೆ ಪದ್ಮನಾಭ ತಲೆ ತಗ್ಗಿಸಿ ಬಂದರು. ಬೆಟ್ಟಯ್ಯನವರು ಕೂರಲಿಲ್ಲ. ಕಲಾವತಿ ನೀರು ತಂದರೆ, "ನೀರೂ ಬೇಡ ತಾಯಿ" ಎಂದರು. ಬೀಗರು ನೀರೂ ಬೇಡವೆಂದರೆ ಏನರ್ಥ ಎಂಬುದು ಗೊತ್ತಿದ್ದ ಕಲಾವತಿ ಲೋಟ ಹಿಡಿದುಕೊಂಡೇ ಗಂಡನ ಕೋಣೆಯ ಕಡೆ ನೋಡಿದಳು.

"ನಿಮ್ಮನೇಲಿ ಬಾಣಂತಿ ಇದ್ದಾರಂತೆ. ನೋಡ್ಬೇಕು."

ಅಡುಗೆಮನೆಯಿಂದ ಸೌಟು ಹಿಡಿದು ಬಂದ ಬೋರಮ್ಮನಿಗೆ ಇದು ಹೊಗಳಿಕೆಯಂತೆ ಕೇಳಿಸಿತು. "ಬನ್ನಿ ಬನ್ನಿ, ಧಾರಾಳವಾಗಿ ನೋಡಿ. ಬಂದಾಗ ಹೆಂಗಿತ್ತು, ಈಗ ಹೆಂಗದೆ ಅಂತ ಈ ಕಲಾನ್ನೇ ಕೇಳಿ. ಎರಡು ಕೆನ್ನೆ ತುಂಬ್ಕಂಡದೆ" ಎಂದು ಕೋಣೆಯ ಬಾಗಿಲು ತೆಗೆದಳು.

ಹೊಗೆ ಹೊರಗೆ ಬಂತು. ಬೆಟ್ಟಯ್ಯ ಕೆಮ್ಮಿದರು. ಅದೇ ಹೊತ್ತಿಗೆ ಮಹಡಿಯಲ್ಲಿ ಬಟ್ಟೆ ಒಣಹಾಕಿ, ಬಕೆಟ್ ಹಿಡಿದು, ಎರಡೆರಡು ಮೆಟ್ಟಿಲು ಹಾರುತ್ತ ಬಿಂದುಶ್ರೀ ಇಳಿದು ಬಂದಳು. "ಅಯ್ಯೋ, ಅಂಕಲ್! ಯಾವಾಗ ಬಂದ್ರಿ?"

ಪದ್ಮನಾಭ ಎರಡೂ ಕೈ ಎತ್ತಿದರು. "ಅಮ್ಮಾ, ಹಸಿ ಮೈಯಲ್ಲಿ ಹೀಗೆಲ್ಲ ಹಾರಬಾರದು!"

"ಯಾರ ಹಸಿ ಮೈ?" ಎಂದಳು ಬಿಂದುಶ್ರೀ.

ಒಳಗಿನಿಂದ ಸ್ಕಾರ್ಫು ಕಟ್ಟಿದ, ಕಿವಿಯಲ್ಲಿ ಹತ್ತಿಯಿದ್ದ, ಮೀಸೆಯ ಮೇಲೆ ಅಂಟಿನುಂಡೆಯ ಪುಡಿಯಿದ್ದ ನಾಗರಾಜು ಗೋಡೆ ಹಿಡಿದುಕೊಂಡು ಹೊರಗೆ ಬಂದ. ಬೆಟ್ಟಯ್ಯನವರು ಅವನ ಭುಜದಾಚೆ ಕೋಣೆಯೊಳಗೆ ಇಣುಕಿದರು. "ಮಗು ಎಲ್ಲಿ?" ಎಂದರು.

"ಯಾವ ಮಗು? ಇವ್ನೇ ನನ್ ಮಗ" ಎಂದಳು ಬೋರಮ್ಮ. "ಹರ್ನಿಯಾ ಆಪರೇಷನ್ ಆಗದೆ."

"ಹರ್ನಿಯಾ?" ಪದ್ಮನಾಭ ಮುಂದೆ ಬಂದರು. "ನಂಗೆ ವೈರಲ್ ಜ್ವರ ಅಂದ್ರಿ. ಆಫೀಸಲ್ಲಿ ಬೆನ್ನುಮೂಳೆ ಅಂದ್ರಿ. ಯಾವುದ್ರೀ ನಿಜ?"

ಬೆಟ್ಟಯ್ಯನವರು ಕೈ ಅಡ್ಡ ಹಿಡಿದರು. "ಇರಿ. ಹರ್ನಿಯಾ ನಂಗೂ ಆಗಿತ್ತು. ಗಾಯ ಎಲ್ಲಿರುತ್ತೆ ಅಂತ ನಂಗೊತ್ತು. ತೋರ್ಸಿ ಬೀಗರೇ."

ನಾಗರಾಜು ಬಿಗಿ ಅಂಗಿಯ ಕೊಂಡಿ ಕಳಚಿ ತೋರಿಸಿದ. ಇರಬೇಕಾದ ಕಡೆ ಗಾಯ ಇರಲಿಲ್ಲ. ಇರಬಾರದ ಕಡೆಯೆಲ್ಲ ಅವರೆಕಾಳಿನಷ್ಟು ಪುಟ್ಟ ಪುಟ್ಟ ಕಲೆಗಳಿದ್ದವು. ಬೆಟ್ಟಯ್ಯನವರ ಮುಖ ಕಪ್ಪಾಯಿತು.

"ಇದು ಹರ್ನಿಯಾ ಅಲ್ಲ. ಏನೋ ಮುಚ್ಚೋಕೆ ನೀವು ಬಾಣಂತಿ ವೇಷ ಹಾಕ್ಕೊಂಡು ಮಲಗಿದೀರ. ಸರಿ. ನಮ್ ಹುಡುಗನ ವಿಷಯ ಇಲ್ಲಿಗೆ ಮರ್ತುಬಿಡಿ" ಎಂದು ಅವರು ಚಪ್ಪಲಿಯ ಕಡೆ ತಿರುಗಿದರು.

ಬಿಂದುಶ್ರೀ ಬಕೆಟ್ ಕೆಳಗಿಟ್ಟಳು. ನಾಗರಾಜು ಮಗಳನ್ನು ನೋಡಿದ. ಆಮೇಲೆ ಸೌಟು ಹಿಡಿದು ನಿಂತ ತಾಯಿಯನ್ನು ನೋಡಿದ. ಅಂಗಿಯ ಕೊಂಡಿಯನ್ನೂ ಹಾಕಿಕೊಳ್ಳದೆ, ಗಂಟಲನ್ನು ಪೂರ್ತಿ ದೊಡ್ಡದು ಮಾಡಿಕೊಂಡು ಹೇಳಿದ:

"ಬೊಜ್ಜು ತೆಗೆಸ್ಕೊಂಡೆ! ಹೊಟ್ಟೆ ಬೊಜ್ಜು! ಕೊಳವೆ ಹಾಕಿ! ನೀವು ನಕ್ಕಿದ್ರಲ್ಲ, ಅದಕ್ಕೆ! ನಿಮ್ಮ ಕೋಟು ಹಾಕ್ಕೊಳ್ಳೋಕೆ!"

ಇಷ್ಟು ಜೋರಾಗಿ ಹೇಳುವ ಅಗತ್ಯವಿರಲಿಲ್ಲ. ಕಿವಿಯಲ್ಲಿ ಹತ್ತಿಯಿದ್ದದ್ದರಿಂದ ಅವನಿಗೆ ಅಂದಾಜು ಸಿಗಲಿಲ್ಲ. ಎದುರು ಮನೆಯ ಬಾಲ್ಕನಿಯಲ್ಲಿ ಇಬ್ಬರು ಎದ್ದು ನಿಂತರು. ಕಲಾವತಿ ಓಡಿಹೋಗಿ ಬೀರುವಿನಿಂದ ಆಸ್ಪತ್ರೆಯ ಕವರು ತಂದು ಪದ್ಮನಾಭ ಅವರ ಕೈಗಿಟ್ಟಳು. ಅವರು ಕನ್ನಡಕ ಏರಿಸಿ ಓದಿ, ಎರಡನೆಯ ಸಲ ಓದಿ, ಅದನ್ನು ಬಹಳ ಗೌರವದಿಂದ ಮಡಚಿಕೊಟ್ಟರು.

ಬೆಟ್ಟಯ್ಯನವರು ಹಾಕಿಕೊಂಡಿದ್ದ ಒಂದು ಚಪ್ಪಲಿಯನ್ನು ಬಿಟ್ಟರು. ಒಳಗೆ ಬಂದು ಕುರ್ಚಿಯಲ್ಲಿ ಕೂತರು. "ನೀರು ಕೊಡಿ ತಾಯಿ" ಎಂದರು. ಕುಡಿದು, ನಾಗರಾಜುವನ್ನು ಹತ್ತಿರ ಕರೆದು, ತಮ್ಮ ಷರಟಿನ ಕೊನೆಯ ಗುಂಡಿಯ ಮೇಲೆ ಕೈಯಿಟ್ಟುಕೊಂಡು, ಯಾರಿಗೂ ಕೇಳದಂತೆ, "ತುಂಬಾ ನೋಯುತ್ತಾ ಬೀಗರೇ?" ಎಂದರು.

ಮದುವೆ ಉಳಿಯಿತು. ಆದರೆ ನಾಗರಾಜುವಿಗೆ ಬೀಗರ ಕಡೆ ಗಮನವಿರಲಿಲ್ಲ. ಬೋರಮ್ಮ ಸೌಟು ಹಿಡಿದುಕೊಂಡೇ ಅಡುಗೆಮನೆಗೆ ಹೋಗಿದ್ದಳು. ಬೀಗರು ತಿಂಡಿ ತಿಂದು ಹೊರಡುವವರೆಗೂ ಅವಳು ಹೊರಗೆ ಬರಲಿಲ್ಲ. ನಾಗರಾಜು ಸ್ಕಾರ್ಫು ಬಿಚ್ಚಿ ಕೈಯಲ್ಲಿ ಹಿಡಿದು ಅಡುಗೆಮನೆಯ ಹೊಸಿಲಲ್ಲಿ ನಿಂತ.

"ಅವ್ವ."

ಅವಳು ಸಾರಿಗೆ ಒಗ್ಗರಣೆ ಹಾಕಿದಳು. ಆಮೇಲೆ ಕೇಳಿದಳು: "ಎಲ್ ಹಾಕುದ್ರು?"

"ಏನವ್ವ?"

"ತೆಗುದ್ರಲ್ಲ, ಅದ."

"ಗೊತ್ತಿಲ್ಲವ್ವ. ನಂಗೆ ಎಚ್ಚರ ಇರಲಿಲ್ಲ."

"ಕೇಳ್ಕಂಡು ಬರಬಾರದಾ? ಎಷ್ಟು ವರ್ಷದ್ದು ಅದು." ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. ಒಗ್ಗರಣೆಯ ಘಾಟಿಗೂ ಹಾಗೆ ಆಗುತ್ತದೆ. ನಾಗರಾಜು ತಲೆ ತಗ್ಗಿಸಿದ. ಅವನ ಕಣ್ಣಲ್ಲೂ ನೀರು ಬಂತು.

ಬೋರಮ್ಮ ತಟ್ಟೆ ಇಟ್ಟಳು. ಬಿಸಿ ಅನ್ನ ಬಡಿಸಿದಳು. ತುಪ್ಪದ ಸೌಟನ್ನು ಬಗ್ಗಿಸುತ್ತ ಹೇಳಿದಳು: "ಅಳಬೇಡ ಸುಮ್ನಿರು. ಹೋಗಿದ್ದು ಹೋಯ್ತು. ಮತ್ತೆ ಮಾಡ್ಕಳಣ."

ಶ್ರಾವಣ ಬಂತು, ನಿಶ್ಚಿತಾರ್ಥವಾಯಿತು. ಅಂದು ಬೆಳಗ್ಗೆ ನಾಗರಾಜು ದೇವರನ್ನು ನೆನೆಸಿಕೊಂಡು ಕೋಟು ಹಾಕಿಕೊಂಡ. ಅದು ಬಿಗಿಯಾಗಲಿಲ್ಲ, ಸಡಿಲವೂ ಆಗಲಿಲ್ಲ. ಅಳತೆ ತೆಗೆದ ದಿನ ಅವನು ಹೆಬ್ಬೆರಳು ಒತ್ತಿ ಹೇಳಿದ್ದ ಹಾಗೆಯೇ ಕೂತಿತು. ಬೆಟ್ಟಯ್ಯನವರ ಕೋಟಿನ ಗುಂಡಿ ಮಾತ್ರ ಏನು ಮಾಡಿದರೂ ಹಾಕಲು ಬರಲಿಲ್ಲ. ಫೋಟೋ ತೆಗೆಯುವಾಗ ಬೋರಮ್ಮ ಅವರ ತೋಳು ಹಿಡಿದು, "ಬೀಗರೇ, ಒಸಿ ಪಕ್ಕಕ್ಕೆ ತಿರುಗಿ ನಿಂತ್ಕಳಿ" ಎಂದು ತಿರುಗಿಸಿ, ಹಳೇ ಕೆಂಗೇರಿಯ ಹೆಂಗಸರಿಗೆಲ್ಲ, "ನೋಡ್ರವ್ವ, ಹೆಂಗವ್ರೆ!" ಎಂದು ತೋರಿಸಿದಳು. ಅವಳ ದನಿಯಲ್ಲಿ ನಿಜವಾದ ಮೆಚ್ಚುಗೆಯಿತ್ತು.

ಇಷ್ಟು ಗೊತ್ತಿರುವುದು. ಗೊತ್ತಿಲ್ಲದ್ದು ಒಂದಿದೆ. ಅಷ್ಟು ತುಪ್ಪ, ಅಷ್ಟು ಉಂಡೆ ತಿಂದ ಮೇಲೂ ಕೋಟು ಹೇಗೆ ಕೂತಿತು? ಹೊಟ್ಟೆ ಇಳಿದಿತ್ತೋ, ಕೋಟು ಬೆಳೆದಿತ್ತೋ? ದುಂಡೇಶನನ್ನು ಕೇಳಿದರೆ, "ನಾ ಏನೂ ಮಾಡಿಲ್ರೀ ಸರ. ಅಮ್ಮಾರು ರವಿಕಿ ಕೊಡಾಕ ಬಂದಿದ್ರು, ಅಷ್ಟ" ಎನ್ನುತ್ತಾನೆ, ಮುಖ ಮಾತ್ರ ಮಿಷನ್ ಕಡೆ ತಿರುಗಿಸಿಕೊಳ್ಳುತ್ತಾನೆ. ಬೋರಮ್ಮ ರವಿಕೆ ಕೊಡಲು ಹೋದದ್ದು ಗುರುದೇವಿ ಬಂದ ದಿನ, ಅಂದರೆ ನಾಗರಾಜು ಎಲ್ಲರೆದುರು ಕೂಗಿ ಹೇಳುವುದಕ್ಕೆ ಮೊದಲು. ಹಾಗಾದರೆ ಅವಳಿಗೆ ಆಗಲೇ ಗೊತ್ತಿತ್ತೇ? ಗೊತ್ತಿದ್ದೂ ತುಪ್ಪ ಹಾಕಿದಳೇ? ಕೇಳಿದರೆ, "ನಂಗೇನ್ ಗೊತ್ತಪ್ಪ" ಎನ್ನುತ್ತಾಳೆ.

ಕೋಟಿನ ಒಳಬಟ್ಟೆ ತಿರುಗಿಸಿ ಹೊಲಿಗೆ ನೋಡಿದರೆ ಒಂದೇ ನಿಮಿಷಕ್ಕೆ ತಿಳಿಯುವ ವಿಷಯ. ನಾಗರಾಜು ಆಗಾಗ ಬೀರು ತೆಗೆಯುತ್ತಾನೆ, ಕೋಟು ಮುಟ್ಟುತ್ತಾನೆ, ಬೀರು ಮುಚ್ಚುತ್ತಾನೆ. ಇನ್ನೂ ನೋಡಿಲ್ಲ. ಅವನೇ ನೋಡದ ಮೇಲೆ ಉಳಿದವರಿಗೆ ಹೇಗೆ ಗೊತ್ತಾಗಬೇಕು? ಗೊತ್ತಿಲ್ಲ.